ಇಬ್ಬರಿಗೂ ಸೇರಿ ಬಂದ ಕರೆ

ಪಕ್ಕದ ಮನೆಯವರು ಎಡಚರು. ಹುಲ್ಲು ಕತ್ತರಿಸುವ ಯಂತ್ರದ ಹಗ್ಗ ಎಳೆಯುವಾಗ, ಅಂಚೆ ಪೆಟ್ಟಿಗೆ ತೆರೆಯುವಾಗ, ಎಲ್ಲಕ್ಕೂ ಅವರ ಎಡಗೈಯೇ ಮುಂದೆ ಬರುವುದನ್ನು ನಾಲ್ಕೈದು ದಿನದಿಂದ ಗಮನಿಸಿದ್ದೆ. ಗಣೇಶನ ಹಬ್ಬದ ಮರುದಿನ ನನ್ನ ಹೆಂಡತಿ ಕರ್ಜಿಕಾಯಿಯ ತಟ್ಟೆ ಹಿಡಿದು ಅವರ ಬಾಗಿಲಲ್ಲಿ ನಿಂತಾಗ ಮಾತ್ರ ಅವರು ಎಡಗೈಯನ್ನು ಹಿಂದಕ್ಕೆ ಸರಿಸಿ ಬಲಗೈ ಚಾಚಿದರು. ನಮ್ಮ ಮುಖದಲ್ಲಿನ ಅಚ್ಚರಿ ಕಂಡು, "ಎಡಗೈಯಲ್ಲಿ ತೆಗೆದುಕೊಳ್ಳಬಾರದು, ಅಲ್ಲವೇ? ನನಗದನ್ನು ಘಾನಾ ಕಲಿಸಿತು" ಎಂದರು.

ಅಮೆರಿಕದ ಯೂಟಾ ರಾಜ್ಯದ ಲೀಹೈ ಎಂಬ ಊರಿನಲ್ಲಿ ನಮ್ಮ ಮಗಳಿದ್ದಾಳೆ. ಕಿಟಕಿ ತೆರೆದರೆ ಟಿಂಪನೋಗಸ್ ಬೆಟ್ಟ ಕಾಣುವ, ಐಟಿ ಕಂಪನಿಗಳು ಬಂದು ನೆಲೆಸಿದ ಊರು. ಮೊಮ್ಮಗು ನೋಡಿಕೊಳ್ಳಲು ನಾವಿಬ್ಬರೂ ಆರು ತಿಂಗಳಿಗೆಂದು ಹೋಗಿದ್ದೆವು. ಕನ್ನಡದ ಸಾವಿರಾರು ಅಪ್ಪ ಅಮ್ಮಂದಿರು ಮಾಡುವ ಪ್ರಯಾಣವೇ ಅದು: ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಮೆಂತ್ಯದ ಹಿಟ್ಟು, ಆರು ತಿಂಗಳ ಬಿ.ಪಿ. ಮಾತ್ರೆ. ಪಕ್ಕದ ಮನೆಯ ದಂಪತಿಯೂ ಹೀಗೆಯೇ ಮಾತ್ರೆ ಕಟ್ಟಿಕೊಂಡು ಹೋಗಿ ಬಂದಿದ್ದರು. ಆದರೆ ಅವರು ಹೋದದ್ದು ಮೊಮ್ಮಕ್ಕಳ ಕಡೆಗಲ್ಲ. ಮೊಮ್ಮಕ್ಕಳನ್ನು ಇಲ್ಲೇ ಬಿಟ್ಟು, ಹದಿನೆಂಟು ತಿಂಗಳು ಪಶ್ಚಿಮ ಆಫ್ರಿಕಾದ ಘಾನಾ ದೇಶದ ಅಕ್ರಾ ನಗರಕ್ಕೆ. ಅವರು ಹಿರಿಯ ಮಿಷನರಿ ದಂಪತಿ.

ಎರಡು ದಿನ ಬಿಟ್ಟು ತಟ್ಟೆ ಹಿಂದಿರುಗಿಸಲು ಇಬ್ಬರೂ ಬಂದರು. ಖಾಲಿ ತಟ್ಟೆ ಕೊಡಬಾರದೆಂಬ ನಮ್ಮ ರೂಢಿ ಅವರಿಗೆ ಹೇಗೆ ಗೊತ್ತಾಯಿತೋ, ಮನೆಯಲ್ಲೇ ಬೇಯಿಸಿ ಬಾಟಲಿಗೆ ತುಂಬಿಟ್ಟ ಪೀಚ್ ಹಣ್ಣು ತಟ್ಟೆಯಲ್ಲಿತ್ತು. ನನ್ನವಳು ಅಭ್ಯಾಸದಂತೆ ಕಾಫಿಗೆ ಹಾಲಿಟ್ಟಳು. ಅವರು ಕಾಫಿ ಕುಡಿಯುವುದಿಲ್ಲ, ಚಹಾವೂ ಇಲ್ಲ. ಅವರ ಧರ್ಮದಲ್ಲಿ ಮದ್ಯ, ತಂಬಾಕಿನ ಜೊತೆ ಇವೆರಡೂ ನಿಷಿದ್ಧ. ಕಾಯಿಸಿದ ಹಾಲಿಗೆ ಬಾದಾಮಿ ಪುಡಿ ಬೆರೆಸಿದೆವು. ಆ ಲೋಟ ಹಿಡಿದು ಕೂತ ಸಂಜೆಯಿಂದ ನಮ್ಮ ಒಡನಾಟ ಬೆಳೆಯಿತು. ಅವರಿಂದ ಕೇಳಿದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ಹೇಳುತ್ತಿದ್ದೇನೆ.

ಹೊರಗಿನವರು ಇವರನ್ನು ಮಾರ್ಮನ್ನರು ಎನ್ನುತ್ತಾರೆ. ಅವರು ಬಯಸುವ ಹೆಸರು 'ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಕಟ್ಟಿದ ಸಭೆ ಇದು. ಹೋದಲ್ಲೆಲ್ಲ ವಿರೋಧ ಎದುರಿಸಿ, 1847ರಲ್ಲಿ ಬ್ರಿಗಮ್ ಯಂಗ್ ಅವರ ಮುಂದಾಳತ್ವದಲ್ಲಿ ಗಾಡಿ ಕಟ್ಟಿಕೊಂಡು ಯೂಟಾದ ಉಪ್ಪುನೀರಿನ ಸರೋವರದ ಬಯಲಿಗೆ ಬಂದು ನೆಲೆಸಿದರು. ಸ್ಥಳೀಯ ಸಭೆಗಳಲ್ಲಿ ಸಂಬಳದ ಪಾದ್ರಿಗಳಿಲ್ಲ. ವಾರವಿಡೀ ಕಚೇರಿಯಲ್ಲೋ ಅಂಗಡಿಯಲ್ಲೋ ದುಡಿಯುವವರೇ ಭಾನುವಾರ ಸಭೆ ನಡೆಸುತ್ತಾರೆ. ದುಡಿಮೆಯ ಹತ್ತರಲ್ಲೊಂದು ಭಾಗ ಸಭೆಗೆ ಸಲ್ಲುತ್ತದೆ. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಂಡು ಇಬ್ಬಿಬ್ಬರಾಗಿ ಓಡಾಡುವ ಯುವಕರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಹುಡುಗರು ಎರಡು ವರ್ಷ, ಹುಡುಗಿಯರು ಒಂದೂವರೆ ವರ್ಷ, ಕಳಿಸಿದ ಕಡೆ ಹೋಗಿ ಧರ್ಮಪ್ರಚಾರ ಮಾಡಿ ಬರುತ್ತಾರೆ.

ಆ ಯುವಕರ ಹಿಂದೆ ನಿಂತು ದುಡಿಯುವ ಹಿರಿಯರ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಕಡಿಮೆ. ಮಕ್ಕಳು ಬೆಳೆದು ಮನೆ ಬಿಟ್ಟಿರಬೇಕು, ವೈದ್ಯರು ಆರೋಗ್ಯ ಸರಿಯಿದೆ ಎನ್ನಬೇಕು, ಖರ್ಚು ತಾವೇ ಭರಿಸುವಂತಿರಬೇಕು. ಅಂಥ ಗಂಡ ಹೆಂಡತಿ ಒಟ್ಟಿಗೆ ಅರ್ಜಿ ಹಾಕುತ್ತಾರೆ. ಆರು, ಹನ್ನೆರಡು, ಹದಿನೆಂಟು ಅಥವಾ ಇಪ್ಪತ್ಮೂರು ತಿಂಗಳು, ಇವುಗಳಲ್ಲೊಂದು ಅವಧಿ ಆರಿಸಿಕೊಳ್ಳಬಹುದು. ಎಲ್ಲಿ, ಯಾವ ಕೆಲಸ ಎಂಬ ಬಗ್ಗೆ ಇಷ್ಟ ತಿಳಿಸಬಹುದು. ಕೊನೆಯ ಮಾತು, ಅವರ ಭಾಷೆಯಲ್ಲಿ 'ಕರೆ', ಚರ್ಚಿನದು. ಸಂಬಳ ಎಂಬುದಿಲ್ಲ. ಅಮೆರಿಕದ ನಿವೃತ್ತರಿಗೂ ಇದು ಹೊರೆಯೇ. 2011ರಲ್ಲಿ ಮನೆಬಾಡಿಗೆಗೆಂದು ದಂಪತಿ ತೆರಬೇಕಾದ ಮೊತ್ತಕ್ಕೆ ತಿಂಗಳಿಗೆ 1,400 ಡಾಲರಿನ ಮಿತಿ ಹಾಕಿದ್ದು ಈ ಹೊರೆ ತಗ್ಗಿಸಲೆಂದೇ. ನಮ್ಮ ನೆರೆಯವರು ಇದಕ್ಕಾಗಿ ಒಂಬತ್ತು ವರ್ಷ ಹಣ ಕೂಡಿಟ್ಟಿದ್ದರು. ಆತ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದವರು, ಆಕೆ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು.

ಅವರ ಪಾಲಿಗೆ ಬಂದ ಘಾನಾ ದೇಶಕ್ಕೂ ಹಿರಿಯ ದಂಪತಿಗಳಿಗೂ ಹಳೆಯ ನಂಟಿದೆ. ಆ ನಂಟಿನ ಹಿಂದೆ ಒಂದು ನೋವಿನ ಕಥೆಯೂ ಇದೆ. 1978ರ ಜೂನ್‌ವರೆಗೆ ಈ ಚರ್ಚಿನಲ್ಲಿ ಕಪ್ಪು ಜನಾಂಗದ ಗಂಡಸರಿಗೆ ಪೌರೋಹಿತ್ಯದ ಅಧಿಕಾರವಿರಲಿಲ್ಲ. ಪವಿತ್ರ ಮಂದಿರದ ಮುಖ್ಯ ವಿಧಿಗಳು ಕಪ್ಪು ಜನಾಂಗದ ಗಂಡಸರು ಹೆಂಗಸರು ಇಬ್ಬರಿಗೂ ನಿಷಿದ್ಧವಾಗಿದ್ದವು. ಹೀಗಿದ್ದೂ ಘಾನಾದ ಜೋಸೆಫ್ ವಿಲಿಯಂ ಬಿಲ್ಲಿ ಜಾನ್ಸನ್ ಎಂಬವರು 1964ರಲ್ಲಿ ಕೈಗೆ ಸಿಕ್ಕ ಮಾರ್ಮನ್ ಗ್ರಂಥ ಓದಿ, ಒಬ್ಬ ಮಿಷನರಿಯ ಮುಖವನ್ನೂ ಕಾಣದೆ ತಾವೇ ಸಭೆಗಳನ್ನು ಕಟ್ಟಿದ್ದರು. ಯಾರನ್ನಾದರೂ ಕಳಿಸಿ ಎಂದು ಬರೆದು ಕಾದಿದ್ದರು. ಹದಿನಾಲ್ಕು ವರ್ಷ ಕಾದರು. ನಿಷೇಧ ತೆರವಾದ ಕೆಲವೇ ತಿಂಗಳಿಗೆ ಯೂಟಾದಿಂದ ಎರಡು ಜೋಡಿ ಹೊರಟಿತು: ರೆಂಡೆಲ್ ಮತ್ತು ರೇಚೆಲ್ ಮೇಬಿ, ಎಡ್ವಿನ್ ಮತ್ತು ಜೆನತ್ ಕ್ಯಾನನ್. ಯುವಕರನ್ನಲ್ಲ, ಮಕ್ಕಳನ್ನು ಬೆಳೆಸಿ ಮುಗಿಸಿದ ಹಿರಿಯರನ್ನು ಕಳಿಸಿದರು. 1978ರ ನವೆಂಬರಿನಲ್ಲಿ ನೈಜೀರಿಯಾದಲ್ಲಿ, ಡಿಸೆಂಬರಿನಲ್ಲಿ ಘಾನಾದ ಕೇಪ್ ಕೋಸ್ಟ್‌ನಲ್ಲಿ ಮೊದಲ ದೀಕ್ಷಾಸ್ನಾನಗಳು ನಡೆದವು. ಜಾನ್ಸನ್ ಅವರ ಕಾಯುವಿಕೆ ಅಂದಿಗೆ ಮುಗಿಯಿತು.

ಅಲ್ಲಿಗೂ ದಾರಿ ಸಲೀಸಾಗಲಿಲ್ಲ. 1989ರ ಜೂನ್‌ನಲ್ಲಿ ಘಾನಾ ಸರ್ಕಾರ ಈ ಚರ್ಚಿನ ಚಟುವಟಿಕೆಗಳನ್ನೇ ನಿಲ್ಲಿಸಿತು. ವಿದೇಶಿ ಮಿಷನರಿಗಳು ದೇಶ ಬಿಡಬೇಕಾಯಿತು. ಒಂದೂವರೆ ವರ್ಷ ಊರಿನ ಭಕ್ತರು ತಮ್ಮ ತಮ್ಮ ಮನೆಗಳಲ್ಲೇ ಪ್ರಾರ್ಥನೆ ನಡೆಸಿಕೊಂಡರು. 1990ರ ನವೆಂಬರಿನಲ್ಲಿ ತಡೆ ತೆಗೆದಾಗ ಸಭೆ ಮೊದಲಿದ್ದಂತೆಯೇ ಇತ್ತು. 2004ರಲ್ಲಿ ಅಕ್ರಾದಲ್ಲಿ ದೊಡ್ಡ ಮಂದಿರವೇ ಎದ್ದಿತು. "ನಾವಿಲ್ಲದಿದ್ದರೂ ಅವರ ಸಭೆ ನಡೆದೀತು ಎಂಬುದು ಗೊತ್ತಿದ್ದೇ ನಾವು ಅಲ್ಲಿಗೆ ಹೋಗಬೇಕು" ಎಂದರು ನೆರೆಯ ಮೇಷ್ಟ್ರು. ಅದನ್ನವರು ತಮಗೆ ತಾವೇ ಹೇಳಿಕೊಂಡಂತಿತ್ತು.

ಹಾಗಾದರೆ ಅಕ್ರಾದಲ್ಲಿ ಇವರ ದಿನ ಹೇಗೆ ಕಳೆಯುತ್ತಿತ್ತು? ಬೀದಿ ಬೀದಿ ಸುತ್ತಿ ಬೋಧನೆ ಮಾಡುತ್ತಿದ್ದರು ಎಂದು ನಾನು ಊಹಿಸಿದ್ದೆ. ಯೂಟಾದ ಪ್ರೊವೊ ಊರಿನ ಮಿಷನರಿ ತರಬೇತಿ ಕೇಂದ್ರಕ್ಕೆ ಹೋಗುವ ಮುನ್ನ ಅವರೂ ಹಾಗೆಯೇ ಅಂದುಕೊಂಡಿದ್ದರಂತೆ. ಸಿಕ್ಕಿದ್ದು ಬೇರೆ. ಮೇಷ್ಟ್ರಿಗೆ ಮಿಷನ್ ಕಚೇರಿಯ ಲೆಕ್ಕಪತ್ರ, ನೂರಕ್ಕೂ ಮಿಕ್ಕ ಯುವ ಮಿಷನರಿಗಳು ತಂಗುವ ಬಾಡಿಗೆ ಮನೆಗಳ ಉಸ್ತುವಾರಿ. ಆಕೆಗೆ ಅದೇ ಯುವಕ ಯುವತಿಯರ ಆರೋಗ್ಯದ ಹೊಣೆ.

ಮನೆ ಬಾಡಿಗೆ ಎಂದರೆ ಸಣ್ಣ ಕೆಲಸವಲ್ಲ. ಘಾನಾದ ನಗರಗಳಲ್ಲಿ ಮನೆ ಮಾಲೀಕರು ಒಂದು ವರ್ಷದ, ಎರಡು ವರ್ಷದ ಬಾಡಿಗೆಯನ್ನು ಒಟ್ಟಿಗೇ ಮುಂಗಡ ಕೇಳುತ್ತಾರೆ. ಆರು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ ಎಂಬ ಕಾನೂನು 1963ರಿಂದ ಇದೆ. ರೂಢಿ ಮಾತ್ರ ಅದರ ದಾರಿಗೆ ಬಂದಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಸುಸ್ತಾದ ನಮಗೆ ಇದು ಬೇಗ ಅರ್ಥವಾಗುತ್ತದೆ. ಯಾವ ಮನೆಯ ಕರಾರು ಯಾವಾಗ ಮುಗಿಯುತ್ತದೆ, ಯಾವ ಮಾಲೀಕರಿಗೆ ಎಷ್ಟು ಸೀಡಿ (ಅಲ್ಲಿನ ಹಣ) ಕೊಡಬೇಕು, ಯಾರ ವಾಸದ ಪರವಾನಗಿ ನವೀಕರಿಸಬೇಕು, ಯಾವ ವ್ಯಾನಿನ ಬ್ರೇಕ್ ಕೂಗುತ್ತಿದೆ. ಬೆಳಿಗ್ಗೆ ಎಂಟಕ್ಕೆ ಕಚೇರಿಗೆ ಹೋದರೆ ಸಂಜೆ ನಾಲ್ಕರವರೆಗೆ ಇದೇ. "ಮೂವತ್ತೊಂದು ವರ್ಷ ಮಕ್ಕಳಿಗೆ ಬೀಜಗಣಿತ ಕಲಿಸಿದೆ. ನನ್ನ ಲೆಕ್ಕ ನಿಜವಾಗಿ ಇನ್ನೊಬ್ಬರ ತಲೆಯ ಮೇಲೊಂದು ಸೂರಾದದ್ದು ಅಲ್ಲಿ" ಎಂದರು.

ಆಕೆಯ ದಿನವನ್ನು ತೋರಿಸಲು ಒಂದು ಪುಸ್ತಕವೇ ಸಾಕು. ಉದ್ದನೆಯ ರೂಲ್ ಹಾಕಿದ ಲೆಕ್ಕದ ಪುಸ್ತಕ, ರಟ್ಟಿನ ಮೇಲೆ ಸೆಖೆಗೆ ಬೂಷ್ಟು ಹಿಡಿದ ಗುರುತು. ಮನೆಗೊಂದು ಪುಟ. ಹುಡುಗರ ಹೆಸರು ಕಾಣದಂತೆ ಬದಿಯನ್ನು ಅಂಗೈಯಿಂದ ಮುಚ್ಚಿಕೊಂಡೇ ಆಕೆ ನಮಗೆ ಓದಿ ಹೇಳಿದರು. ಸೊಳ್ಳೆಪರದೆ ನಾಲ್ಕು, ಒಂದು ಹರಿದಿದೆ. ನೀರಿನ ಫಿಲ್ಟರ್‌ನ ಕಡ್ಡಿ ಬದಲಿಸಿದ ದಿನಾಂಕ. ಗ್ಯಾಸ್ ಸಿಲಿಂಡರ್ ಬಾಗಿಲ ಹೊರಗಿದೆಯೇ? ಫ್ರಿಜ್ಜಿನಲ್ಲಿ ಮೊನ್ನೆಯ ಅನ್ನ. ಒಬ್ಬನಿಗೆ ಕಡಲೆಕಾಯಿ ಆಗುವುದಿಲ್ಲ, ಕಡಲೆಕಾಯಿ ಸಾರಿನ ಊಟಕ್ಕೆ ಕರೆದವರಿಗೆ ಮೊದಲೇ ತಿಳಿಸಬೇಕು. ಒಬ್ಬನ ಬೂಟಿನ ಅಟ್ಟೆ ಕಿತ್ತಿದೆ. ಇನ್ನೊಂದು ಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ: ಮೂರು ವಾರದಿಂದ ನಗುತ್ತಿಲ್ಲ, ಮಾತಾಡಬೇಕು.

ಆ ಸಾಲಿನ ಮೇಲೆ ನನ್ನವಳ ಬೆರಳು ನಿಂತಿತು. "ಅವನು ಆಮೇಲೆ ಹೇಗಾದ?" ಎಂದು ಕೇಳಿದಳು. ಅಜ್ಜಿ ತೀರಿಕೊಂಡ ಸುದ್ದಿ ಬಂದಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ಅವನನ್ನು ತಮ್ಮ ಅಡುಗೆಮನೆಯಲ್ಲಿ ಕೂರಿಸಿ, ಬ್ರೆಡ್ಡಿಗೆ ಹಿಟ್ಟು ನಾದಲು ಕೊಟ್ಟರಂತೆ. ನಾದುತ್ತಾ ನಾದುತ್ತಾ ಅತ್ತ. ಬ್ರೆಡ್ಡು ಬೆಂದ ಹೊತ್ತಿಗೆ ಅಜ್ಜಿ ಮಾಡುತ್ತಿದ್ದ ಅಡುಗೆಗಳ ಹೆಸರು ಹೇಳುತ್ತಿದ್ದ.

ಘಾನಾದ ಯುವ ಮಿಷನರಿಗಳಲ್ಲಿ ಬಹಳ ಮಂದಿ ಆಫ್ರಿಕಾದವರೇ. ಮಲೇರಿಯಾ ಯಾರನ್ನೂ ಬಿಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ: ಚಳಿ, ಜ್ವರ, ವಾಂತಿ. ಯಾವಾಗ ಶುರುವಾಯಿತು, ನೀರು ಕುಡಿದರೆ ನಿಲ್ಲುತ್ತಿದೆಯೇ, ಹತ್ತಿರದ ಕ್ಲಿನಿಕ್ ಎಷ್ಟು ದೂರ, ಬೆಳಗಿನವರೆಗೆ ಕಾಯಬಹುದೇ ಕಾಯಬಾರದೇ. ಆಕೆ ಕೇಳುತ್ತಾ ಬರೆದುಕೊಳ್ಳುವಾಗ ಗಂಡ ಎದ್ದು ವ್ಯಾನಿನ ಕೀಲಿ ಹುಡುಕುತ್ತಾರೆ. ಇಬ್ಬರೂ ಒಂದು ಮಾತೂ ಆಡಬೇಕಿಲ್ಲ. ಆಗ ಕರೆಂಟೂ ಹೋಗುವುದುಂಟು. ಘಾನಾದವರು ಅದಕ್ಕೆ 'ದುಮ್‌ಸೋರ್' ಎನ್ನುತ್ತಾರೆ, ಟ್ವಿ ಭಾಷೆಯಲ್ಲಿ ಆರು-ಹತ್ತು ಎಂಬರ್ಥ. ಲೋಡ್‌ಶೆಡ್ಡಿಂಗ್ ಕಂಡ ನಾವು ತಲೆದೂಗಿದೆವು.

ಹೋಲಿಕೆಗಳು ಒಂದೆರಡಲ್ಲ. ಮಾಳಿಗೆಯ ಮೇಲಿನ ಕಪ್ಪು ನೀರಿನ ಟ್ಯಾಂಕು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಮಾರುವ ನೀರು, ಕೂಗಿ ಜನ ತುಂಬಿಸಿಕೊಳ್ಳುವ ಟ್ರೋಟ್ರೋ ಎಂಬ ವ್ಯಾನುಗಳು. ಡಿಸೆಂಬರಿಗೆ ಸಹಾರಾ ಕಡೆಯಿಂದ ಹರ್ಮಟನ್ ಗಾಳಿ ಬೀಸಿದರೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನದೊಳಗೆ ಧೂಳು. ಹುದುಗು ಬರಿಸಿದ ಮೆಕ್ಕೆಜೋಳದ ಹಿಟ್ಟಿನ ಉಂಡೆ ಕೆಂಕೆ. ಗೆಣಸಿನ ಜಾತಿಯ ಗೆಡ್ಡೆ ಕುಟ್ಟಿ ಮಾಡಿದ ಫುಫುವನ್ನು ನಮ್ಮ ರಾಗಿ ಮುದ್ದೆಯಂತೆಯೇ ಕೈಯಲ್ಲಿ ಮುರಿದು ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವುದು. ಮುದ್ದೆಯ ಮಾತು ಹೇಳಿದ್ದೇ ಮೇಷ್ಟ್ರು ಅದನ್ನು ಮಾಡಿಸಿಯೇ ಬಿಟ್ಟರು. ಸೊಪ್ಪಿನ ಸಾರಿನೊಂದಿಗೆ ಬಲಗೈಯಲ್ಲಿ ಸಲೀಸಾಗಿ ನುಂಗಿದರು.

ಘಾನಾದ ಅಕಾನ್ ಜನರಲ್ಲಿ ಹುಟ್ಟಿದ ವಾರದ ಹೆಸರಿಡುವ ಪದ್ಧತಿಯಿದೆ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಘಾನಾದವರು. ಕೋಫಿ ಎಂದರೆ ಶುಕ್ರವಾರ ಹುಟ್ಟಿದವನು. ನಮ್ಮ ಸೋಮಣ್ಣ, ಮಂಗಳಮ್ಮ, ಶನಿಯಪ್ಪ ಇದ್ದಂತೆ. ಚರ್ಚಿನ ರೂಢಿಯಲ್ಲಿ ಗಂಡಸರನ್ನು 'ಎಲ್ಡರ್', ಹೆಂಗಸರನ್ನು 'ಸಿಸ್ಟರ್' ಎಂದು ಕುಲನಾಮದೊಂದಿಗೆ ಕರೆಯುತ್ತಾರೆ. ನೆರೆಹೊರೆಯ ಘಾನಾದವರಿಗೆ ಮಾತ್ರ ಈ ದಂಪತಿ ಶನಿವಾರದ ಕ್ವಾಮೆ, ಭಾನುವಾರದ ಅಕೊಸುವಾ ಆಗಿಬಿಟ್ಟಿದ್ದರು. ಆ ಹೆಸರು ಹೇಳುವಾಗ ಇಬ್ಬರ ಮುಖವೂ ಅರಳುತ್ತದೆ.

ಕಷ್ಟದ ಮಾತೂ ಇದೆ. ಅವರು ಅಲ್ಲಿದ್ದಾಗ ಆರನೆಯ ಮೊಮ್ಮಗು ಹುಟ್ಟಿತು. ಅಕ್ರಾದಲ್ಲಿ ಭಾನುವಾರ ಸಂಜೆ ನಾಲ್ಕಾದರೆ ಚಳಿಗಾಲದ ಯೂಟಾದಲ್ಲಿ ಬೆಳಿಗ್ಗೆ ಒಂಬತ್ತು. ಆ ಹೊತ್ತಿಗೆ ಫೋನಿನ ಪರದೆಯಲ್ಲಿ ಮಗುವನ್ನು ನೋಡುವುದು. ಅದು ಮೊದಲ ಹೆಜ್ಜೆ ಇಟ್ಟದ್ದನ್ನು ಕಂಡದ್ದೂ ಹಾಗೆಯೇ, ಮಧ್ಯೆ ಎರಡು ಸಲ ಚಿತ್ರ ನಿಂತುಹೋಗಿತ್ತು. ಮಗಳೊಬ್ಬಳು ಹೊರಡುವ ಮುನ್ನ ನೇರವಾಗಿಯೇ ಕೇಳಿದ್ದಳಂತೆ, ಯಾರದೋ ಮಕ್ಕಳನ್ನು ನೋಡಿಕೊಳ್ಳಲು ನಮ್ಮ ಮಕ್ಕಳನ್ನು ಬಿಟ್ಟು ಹೋಗುತ್ತೀರಾ ಎಂದು. ಆ ಪ್ರಶ್ನೆಗೆ ಉತ್ತರ ತಮ್ಮಲ್ಲಿ ಇಂದಿಗೂ ಪೂರ್ತಿಯಾಗಿಲ್ಲ ಎಂದು ಆಕೆ ಹೇಳಿದಾಗ, ಮೊಮ್ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನನಗೆ ಮಾತು ಹೊರಡಲಿಲ್ಲ.

ನನಗೂ ಒಂದು ಪ್ರಶ್ನೆಯಿತ್ತು, ಓದುಗರಿಗೂ ಇದ್ದೀತು. ಕೊನೆಗೆ ಇದೆಲ್ಲ ತಮ್ಮ ಧರ್ಮಕ್ಕೆ ಜನರನ್ನು ಸೇರಿಸುವ ಕೆಲಸವೇ ತಾನೇ? ಕೇಳಿದೆ. ಹೌದು, ನಾವು ನಂಬಿದ್ದನ್ನು ಮುಚ್ಚಿಡುವುದಿಲ್ಲ ಎಂದರು. ಆ ನಂಬಿಕೆ ನನ್ನದಲ್ಲ. ಒಂದು ನಾಡಿಗೆ ಹೊರಗಿನಿಂದ ಬಂದು ನಿಮ್ಮ ದೇವರಿಗಿಂತ ನಮ್ಮ ದಾರಿ ಮೇಲು ಎನ್ನುವುದನ್ನು ನಾನು ಒಪ್ಪಲಾರೆ. ಆಫ್ರಿಕಾವೂ ಭಾರತವೂ ಅಂಥ ಮಾತಿನ ಬೆನ್ನಿಗೆ ಬಂದ ಆಳ್ವಿಕೆಯನ್ನು ಕಂಡಿವೆ. ಇಷ್ಟನ್ನೂ ಅವರ ಮುಂದೆಯೇ ಹೇಳಿದೆ; ಅವರು ಕೇಳಿಸಿಕೊಂಡರು. ನಂಬಿಕೆಯ ವಿಷಯದಲ್ಲಿ ನಾವು ಬೇರೆಯಾಗಿಯೇ ಉಳಿದೆವು. ಆ ಲೆಕ್ಕದ ಪುಸ್ತಕದ ವಿಷಯದಲ್ಲಿ ಮಾತ್ರ ನನಗೆ ಅವರಿಂದ ಕಲಿಯುವುದಿತ್ತು.

ಕನ್ನಡಿಗರಿಗೆ ಮಿಷನರಿ ಎಂದರೆ ಮೊದಲು ನೆನಪಾಗುವುದು ಬಾಸೆಲ್ ಮಿಷನ್. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್, 1894ರಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳ ಕನ್ನಡ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟೆಲ್. ಬೆಂಗಳೂರಿನಲ್ಲಿ ಕಿಟೆಲ್ ಪ್ರತಿಮೆಯ ಮುಂದೆ ಎಷ್ಟೋ ಸಲ ನಡೆದಿದ್ದೇನೆ. ಅವರ ಹೆಂಡತಿಯ ಹೆಸರೇನೆಂದು ಒಂದು ಸಲವೂ ನನಗೆ ಕೇಳಬೇಕೆನಿಸಿರಲಿಲ್ಲ. ಮೊದಲ ಹೆಂಡತಿ ಪೌಲೀನ್ ಎಂಬುದನ್ನು ತಿಳಿದುಕೊಂಡದ್ದು ಯೂಟಾದಿಂದ ಬಂದ ಮೇಲೆ. ಆ ಕಾಲದಲ್ಲಿ ಕರೆ ಬರುತ್ತಿದ್ದದ್ದು ಗಂಡಸಿಗೆ. ಹೆಂಡತಿ ಜೊತೆಗೆ ಬರುತ್ತಿದ್ದಳು. ನಮ್ಮ ನೆರೆಯವರಿಗೆ ಬಂದ ಕರೆಪತ್ರದಲ್ಲಿ ಇಬ್ಬರ ಹೆಸರೂ ಇತ್ತು, ಇಬ್ಬರಿಗೂ ಒಂದೊಂದು ಹೆಸರುಪಟ್ಟಿ, ಒಂದೊಂದು ಕೆಲಸ. ನಲವತ್ತು ವರ್ಷದ ದಾಂಪತ್ಯದಲ್ಲಿ ಆತನ ಶಾಲೆಯನ್ನು ಆಕೆ, ಆಕೆಯ ವಾರ್ಡನ್ನು ಆತ ಒಳಹೊಕ್ಕು ನೋಡಿರಲಿಲ್ಲ. ಮೊದಲ ಎರಡು ತಿಂಗಳು ಒಂದೇ ಕಚೇರಿಯಲ್ಲಿ ಕೂತು ಜಗಳವಾಡಿದರಂತೆ. ಫೈಲು ಜೋಡಿಸುವ ರೀತಿಗೆ, ವ್ಯಾನು ಓಡಿಸುವ ವೇಗಕ್ಕೆ, ಸುಸ್ತಾದರೂ ಒಪ್ಪಿಕೊಳ್ಳದ ಹಟಕ್ಕೆ. ಆಮೇಲೆ ಒಬ್ಬರ ಕೆಲಸದ ಹೆಚ್ಚುಗಾರಿಕೆ ಇನ್ನೊಬ್ಬರ ಕಣ್ಣಿಗೆ ಬೀಳತೊಡಗಿತು. "ಇವಳು ಇಷ್ಟು ಒಳ್ಳೆಯ ನರ್ಸ್ ಎಂದು ನನಗೆ ಗೊತ್ತಾದದ್ದು ಇವಳು ನಿವೃತ್ತಳಾದ ಮೇಲೆ" ಎಂದರು ಮೇಷ್ಟ್ರು.

ಈ ಮಾತು ನನ್ನನ್ನು ತಟ್ಟಿತು. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಹಾರ ಹಾಕಿಸಿಕೊಂಡು ಮನೆಗೆ ಬಂದವನು ನಾನು. ಅಂದಿನಿಂದ ಪತ್ರಿಕೆ, ವಾಕಿಂಗ್, ಮಧ್ಯಾಹ್ನದ ನಿದ್ದೆ. ನನ್ನವಳಿಗೆ ನಿವೃತ್ತಿ ಎಂಬುದು ಬರಲೇ ಇಲ್ಲ. ನಾನು ಮನೆಯಲ್ಲೇ ಇರತೊಡಗಿದ ಮೇಲೆ ಅವಳಿಗೆ ಹನ್ನೊಂದು ಗಂಟೆಯ ಕಾಫಿಯೊಂದು ಹೆಚ್ಚಾಯಿತು. ಯೂಟಾಕ್ಕೆ ಬಂದರೂ ಅಷ್ಟೆ: ನಾನು ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ಸುತ್ತಾಡಿಸುತ್ತಿದ್ದೆ, ಅವಳು ಅಡುಗೆಮನೆಯಲ್ಲಿದ್ದಳು. ನಮ್ಮ ಹಿರಿಯರು ವಾನಪ್ರಸ್ಥದ ಮಾತಾಡಿದಾಗಲೂ ಹೆಂಡತಿಯನ್ನು ಮಗನ ಬಳಿ ಬಿಟ್ಟಾದರೂ ಹೊರಡಬಹುದು, ಜೊತೆಗಾದರೂ ಕರೆದೊಯ್ಯಬಹುದು ಎಂದರು. ಅವಳ ಕೆಲಸವೇನೆಂದು ಹೇಳಲಿಲ್ಲ. ಅರವತ್ತರ ಮೇಲಿನ ವರ್ಷಗಳನ್ನು ವಿಶ್ರಾಂತಿಗೂ ಮೊಮ್ಮಕ್ಕಳಿಗೂ ಕೊಡುವುದು ತಪ್ಪಲ್ಲ. ಆ ವರ್ಷಗಳಲ್ಲಿ ಇಬ್ಬರೂ ಸೇರಿ ಮನೆಯಾಚೆಗಿನ ಒಂದು ಕೆಲಸಕ್ಕೆ ಹೆಗಲು ಕೊಡಬಹುದು ಎಂಬುದು ನಮ್ಮಲ್ಲಿ ಬಹುಮಂದಿಗೆ ಹೊಳೆಯುವುದೇ ಇಲ್ಲ. ನನಗೆ ಹೊಳೆದಿರಲಿಲ್ಲ. ಇದಕ್ಕೆ ಧರ್ಮ ಬದಲಿಸಬೇಕಿಲ್ಲ, ದೇಶ ಬಿಡಬೇಕಿಲ್ಲ, ಒಂಬತ್ತು ವರ್ಷ ಹಣ ಕೂಡಿಡಬೇಕಾಗಿಯೂ ಇಲ್ಲ.

ಮೈಸೂರಿಗೆ ಮರಳಿದ ಮೇಲೆ, ನಮ್ಮ ಬೀದಿಯ ಕೊನೆಯಲ್ಲಿರುವ ಹಳ್ಳಿ ಹುಡುಗರ ಉಚಿತ ವಿದ್ಯಾರ್ಥಿನಿಲಯಕ್ಕೆ ಇಬ್ಬರೂ ಹೋದೆವು. ಲೆಕ್ಕಪತ್ರ ನೋಡಲು ಜನ ಬೇಕೆಂದು ಅಲ್ಲಿನವರು ವರ್ಷದಿಂದ ಕೇಳುತ್ತಿದ್ದರು, ನಾನು ತಪ್ಪಿಸಿಕೊಳ್ಳುತ್ತಿದ್ದೆ. ಮೇಲ್ವಿಚಾರಕರು ನನಗೆ ಕುರ್ಚಿ ಹಾಕಿ, "ಸರ್, ನೀವು ಬರ್ತೀರಿ ಅಂದಿದ್ದು ಸಂತೋಷ" ಎಂದು ರಶೀದಿ ಪುಸ್ತಕಗಳನ್ನು ಮುಂದಿಟ್ಟರು. ನನ್ನವಳು ಕೂರಲಿಲ್ಲ. ಕೈಚೀಲದಿಂದ ಉದ್ದನೆಯ ಹೊಸ ರೂಲ್ ಪುಸ್ತಕ ತೆಗೆದಳು.

"ರೀ, ನೀವು ಲೆಕ್ಕ ನೋಡ್ತಿರಿ" ಎಂದಳು. ಆಮೇಲೆ ಮೇಲ್ವಿಚಾರಕರ ಕಡೆ ತಿರುಗಿ, "ಹುಡುಗರ ಕೋಣೆ ಎಲ್ಲಿದೆ ತೋರಿಸಿ. ಸೊಳ್ಳೆಪರದೆ ಎಷ್ಟಿವೆ, ಯಾವುದು ಹರಿದಿದೆ, ಮೊದಲು ಅದನ್ನ ಬರ್ಕೋಬೇಕು."